ಪರದೆಯಲ್ಲಿ ಕನ್ನಡ ತುಂಡಾಗುವುದು ಭಾಷೆಯ ದೋಷವಲ್ಲ

ಮಾನ್ಯ ಸಂಪಾದಕರಿಗೆ,

ಮೊಬೈಲ್ ಆ್ಯಪ್‌ಗಳಲ್ಲಿ ಕನ್ನಡವನ್ನು ಆಯ್ದುಕೊಂಡರೆ ಬಟನ್‌ಗಳ ಮೇಲಿನ ಹೆಸರು ಅರ್ಧಕ್ಕೆ ತುಂಡಾಗಿ ಮೂರು ಚುಕ್ಕಿಗಳಷ್ಟೇ ಉಳಿಯುತ್ತವೆ, ಆದ್ದರಿಂದ ಇಂಗ್ಲಿಷನ್ನೇ ಇಟ್ಟುಕೊಳ್ಳುವುದು ಮೇಲು ಎಂಬ ಮಾತು ಮುಂಬಯಿಯ ಕನ್ನಡಿಗರ ನಡುವೆ ಆಗಾಗ ಕೇಳಿಬರುತ್ತದೆ. ಸಂಘಗಳ ಸಭೆಗಳಲ್ಲಿ ಸದಸ್ಯರಿಗಾಗಿ ಆ್ಯಪ್ ಮಾಡಿಸುವ ವಿಷಯ ಬಂದಾಗಲೂ ಕನ್ನಡದ ಪದಗಳು ಉದ್ದ, ಪರದೆಯಲ್ಲಿ ಹಿಡಿಸುವುದಿಲ್ಲ ಎಂದು ಹೇಳಿ ವಿಷಯವನ್ನು ಅಲ್ಲಿಗೇ ಮುಗಿಸುವುದನ್ನು ಕಂಡಿದ್ದೇನೆ. ತಂತ್ರಾಂಶಗಳ ಪರದೆಗಳನ್ನು ಬರೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಾನು ಈ ವಾದವನ್ನು ಒಪ್ಪಲಾರೆ. ಹೆಸರುಗಳು ತುಂಡಾಗುವುದಕ್ಕೆ ಕಾರಣ ಅವುಗಳನ್ನು ಕೂರಿಸಲು ಪ್ರೋಗ್ರಾಮರ್ ಆರಿಸಿಕೊಂಡ ಕಂಟೇನರ್. ಬೇರೆ ಕಂಟೇನರನ್ನು ಆರಿಸಿಕೊಂಡರೆ ಅದೇ ಪದಗಳು, ಅದೇ ಫೋನಿನಲ್ಲಿ, ಪೂರ್ತಿಯಾಗಿ ಕಾಣುತ್ತವೆ. ಈ ವಿಷಯ ಪ್ರೋಗ್ರಾಮರ್‌ಗಳ ನಡುವೆ ಮಾತ್ರ ಉಳಿಯದೆ, ಆ್ಯಪ್ ಮಾಡಿಸುವವರಿಗೂ ಬಳಸುವವರಿಗೂ ತಿಳಿದಿರಬೇಕೆಂಬ ಕಾರಣಕ್ಕೆ ಈ ಪತ್ರವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಪರದೆಯ ಮೇಲೆ ಕಾಣುವ ಬಟನ್, ಚಿತ್ರ, ಬರಹದ ಪೆಟ್ಟಿಗೆ ಮುಂತಾದ ಒಂದೊಂದನ್ನೂ ವಿಜೆಟ್ ಎನ್ನುತ್ತಾರೆ. ಇತರ ವಿಜೆಟ್‌ಗಳನ್ನು ತನ್ನೊಳಗೆ ಇಟ್ಟುಕೊಂಡು ಯಾವುದು ಎಲ್ಲಿ ಕೂರಬೇಕೆಂದು ನಿರ್ಧರಿಸುವ ವಿಜೆಟ್ಟೇ ಕಂಟೇನರ್. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಡ್ಡಸಾಲಿನ ಕಂಟೇನರ್ ತನ್ನ ಮಕ್ಕಳನ್ನೆಲ್ಲ, ಅಂದರೆ ತನ್ನೊಳಗಿನ ವಿಜೆಟ್‌ಗಳನ್ನೆಲ್ಲ, ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಜಾಗ ಸಾಲದೆ ಬಂದಾಗ ಅವುಗಳನ್ನು ಒತ್ತಿ ಕುಗ್ಗಿಸುತ್ತದೆ, ಇಲ್ಲವೇ ಅಂಚಿನಾಚೆಗೆ ತಳ್ಳುತ್ತದೆ. ಹರಿಯುವ ಕಂಟೇನರ್ ಹಾಗೆ ಮಾಡುವುದಿಲ್ಲ. ಮದುವೆಯ ಊಟದಲ್ಲಿ ಒಂದು ಪಂಕ್ತಿಯಲ್ಲಿ ಎಲೆ ಹಾಕಲು ಜಾಗ ಮುಗಿದಾಗ ಕುಳಿತವರ ಎಲೆಯನ್ನು ಹರಿದು ಚಿಕ್ಕದು ಮಾಡದೆ ಮುಂದಿನ ಪಂಕ್ತಿಯನ್ನು ಆರಂಭಿಸುವಂತೆ, ಅದು ಉಳಿದ ವಿಜೆಟ್‌ಗಳನ್ನು ಕೆಳಗಿನ ಸಾಲಿಗೆ ಇಳಿಸುತ್ತದೆ. ಕಿಟಕಿಯನ್ನು ಅಗಲ ಮಾಡಿದರೆ ಸಾಲುಗಳು ಕಡಿಮೆಯಾಗುತ್ತವೆ, ಕಿರಿದು ಮಾಡಿದರೆ ಹೆಚ್ಚಾಗುತ್ತವೆ, ಫೋನನ್ನು ಅಡ್ಡ ತಿರುಗಿಸಿದರೆ ಎಲ್ಲವೂ ಮತ್ತೊಮ್ಮೆ ಹೊಂದಿಕೊಳ್ಳುತ್ತದೆ. ಎಷ್ಟು ವಿಜೆಟ್ ಒಂದು ಸಾಲಿಗೆ ಎಂಬುದನ್ನು ಪ್ರೋಗ್ರಾಮರ್ ಮೊದಲೇ ಬರೆದಿಡಬೇಕಾಗಿಲ್ಲ.

ಇದು ಹೊಸ ಸಂಗತಿಯೂ ಅಲ್ಲ. 1996ರಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಫ್ಲೋಲೇಔಟ್ ಎಂಬ ವ್ಯವಸ್ಥೆಯಿತ್ತು. ಮೈಕ್ರೋಸಾಫ್ಟ್ 2006ರಲ್ಲಿ ವಿಂಡೋಸ್ ಪರದೆಗಳನ್ನು ಕಟ್ಟಲೆಂದು ಹೊರತಂದ ಡಬ್ಲ್ಯುಪಿಎಫ್‌ನಲ್ಲಿ ರ‍್ಯಾಪ್‌ಪ್ಯಾನೆಲ್ ಇದೆ. ಲಿನಕ್ಸ್ ಗಣಕಗಳಲ್ಲಿ ಹೆಚ್ಚಾಗಿ ಬಳಕೆಯಾಗುವ, ಸಿದ್ಧ ವಿಜೆಟ್‌ಗಳ ಸಂಗ್ರಹವಾದ ಜಿಟಿಕೆ ಟೂಲ್‌ಕಿಟ್‌ಗೆ 2014ರ 3.12ನೆಯ ಆವೃತ್ತಿಯಲ್ಲಿ ಫ್ಲೋಬಾಕ್ಸ್ ಸೇರಿತು. ವೆಬ್ ಪುಟಗಳಲ್ಲಿ ವಿನ್ಯಾಸದ ಭಾಷೆಯಾದ ಸಿಎಸ್‌ಎಸ್‌ನ ಫ್ಲೆಕ್ಸ್‌ಬಾಕ್ಸ್, ಮೊಬೈಲ್ ಆ್ಯಪ್ ಬರೆಯಲು ಬಳಸುವ ಫ್ಲಟರ್‌ನಲ್ಲಿ ರ‍್ಯಾಪ್, ಆಂಡ್ರಾಯ್ಡ್‌ನ ಕಂಪೋಸ್‌ನಲ್ಲಿ ಫ್ಲೋರೋ, ಹೀಗೆ ಇಂದು ಬಳಕೆಯಲ್ಲಿರುವ ಅನೇಕ ಪ್ರಮುಖ ಸಾಧನಗಳಲ್ಲಿ ಇದರ ಒಂದಲ್ಲ ಒಂದು ರೂಪ ಸಿಗುತ್ತದೆ. ಕ್ಯೂಟಿ ಎಂಬ ಇನ್ನೊಂದು ಟೂಲ್‌ಕಿಟ್‌ನ ಹಳೆಯ ವಿಜೆಟ್ ಸಂಗ್ರಹದಲ್ಲಿ ಇದಕ್ಕೆ ಸಿದ್ಧ ಕಂಟೇನರ್ ಇಲ್ಲದಿದ್ದರೂ, ಅದನ್ನು ಬರೆದುಕೊಳ್ಳುವ ಬಗೆಯನ್ನು ಅದರ ದಸ್ತಾವೇಜಿನಲ್ಲೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಆದರೂ ಇದರ ಬಳಕೆ ಕಡಿಮೆ. ಫ್ಲೆಕ್ಸ್‌ಬಾಕ್ಸ್‌ನಲ್ಲಿ ಸಾಲು ಮುರಿಯಬೇಕೆಂದು ನಾವಾಗಿ ಹೇಳದಿದ್ದರೆ ಅದು ಮುರಿಯುವುದಿಲ್ಲ. ಮೂಲ ವ್ಯವಸ್ಥೆಯೇ ಒಂದೇ ಸಾಲು. ಇಂಗ್ಲಿಷಿನ ಚಿಕ್ಕ ಪದಗಳನ್ನು ಹಾಕಿ ನೋಡಿದವರಿಗೆ ಪರದೆ ಸರಿಯಾಗಿಯೇ ಕಾಣುವುದರಿಂದ ಆ ಒಂದು ಸೂಚನೆಯನ್ನು ಬರೆಯುವ ಅಗತ್ಯವೇ ತೋರುವುದಿಲ್ಲ.

ಕನ್ನಡದ ಮಟ್ಟಿಗೆ ಈ ಅಸಡ್ಡೆ ಏಕೆ ಹೆಚ್ಚು ಪೆಟ್ಟು ಕೊಡುತ್ತದೆ ಎಂಬುದನ್ನು ವಿವರಿಸಬೇಕು. ನಮ್ಮಲ್ಲಿ ವಿಭಕ್ತಿ, ಬಹುವಚನ, ಕ್ರಿಯಾಪದದ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಒಂದೊಂದು ಪದ ಅಗಲವಾಗುತ್ತದೆ ಎಂಬುದು ನಿಜ. ಅದಕ್ಕಿಂತ ದೊಡ್ಡ ತೊಡಕು, ಕನ್ನಡದ ಬರಹದ ಅಗಲವನ್ನು ಅಕ್ಷರಗಳನ್ನು ಎಣಿಸಿ ಊಹಿಸಲು ಸಾಧ್ಯವಿಲ್ಲದಿರುವುದು. ಸ್ತ್ರೀ ಎಂಬ ಪದ ಪರದೆಯಲ್ಲಿ ಒಂದೇ ಅಕ್ಷರವಾಗಿ ಕಾಣುತ್ತದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅದು 6 ಸಂಕೇತಗಳು, ಯುಟಿಎಫ್-8 ರೂಪದಲ್ಲಿ ಶೇಖರಿಸಿದರೆ 18 ಬೈಟ್‌ಗಳು. ಒಂದು ಅಕ್ಷರಕ್ಕೆ ಇಷ್ಟು ಪಿಕ್ಸೆಲ್ ಎಂದು ಗುಣಿಸಿ ಬಟನ್ನಿನ ಅಗಲವನ್ನು ನಿಗದಿಪಡಿಸುವ ಪ್ರೋಗ್ರಾಮ್ ಒಂದು ಪದಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚು ಜಾಗವನ್ನೂ ಇನ್ನೊಂದಕ್ಕೆ ತೀರ ಕಡಿಮೆ ಜಾಗವನ್ನೂ ಕೊಡುತ್ತದೆ. ಸರಿಯಾದ ಅಗಲವನ್ನು ಹೇಳಬಲ್ಲದ್ದು ಅಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ಹಾರ್ಫ್‌ಬಜ್‌ನಂತಹ ತಂತ್ರಾಂಶ ಮಾತ್ರ, ಅದೂ ಆ ಪದವನ್ನು ಆ ಫಾಂಟ್‌ನಲ್ಲಿ ಆ ಗಾತ್ರದಲ್ಲಿ ಜೋಡಿಸಿದ ಮೇಲೆ. ಹರಿಯುವ ಕಂಟೇನರ್ ಮಾಡುವುದು ಇದನ್ನೇ: ಪ್ರತಿಯೊಂದು ಮಗುವನ್ನೂ ನಿನಗೆ ಎಷ್ಟು ಅಗಲ ಬೇಕು ಎಂದು ಪ್ರೋಗ್ರಾಮ್ ಓಡುತ್ತಿರುವಾಗಲೇ ಕೇಳಿ, ಬಂದ ಉತ್ತರದ ಮೇಲೆ ಸಾಲುಗಳನ್ನು ಕಟ್ಟುತ್ತದೆ. ಹೀಗಾಗಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರಕ್ಕೂ ಬೇರೆ ಬೇರೆ ಪರದೆಗಳನ್ನು ಬರೆಯುವ ಪ್ರಮೇಯ ಬರುವುದಿಲ್ಲ.

ಅಗಲದಂತೆ ಎತ್ತರವೂ ಇದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಕಟ್ಟಿಹಾಕಿದಾಗ ಒತ್ತಕ್ಷರದ ಕೆಳಗಿನ ಅರ್ಧ ಕತ್ತರಿಸಿಹೋಗಿ, ಓದುವವರು ಪದವನ್ನು ಊಹಿಸಿಕೊಳ್ಳಬೇಕಾಗುತ್ತದೆ. ಕಂಟೇನರನ್ನು ಬದಲಾಯಿಸಿ ಬಟನ್ನಿನ ಎತ್ತರವನ್ನು ಮಾತ್ರ ಹಾಗೆಯೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತಾಗುತ್ತದೆ. ಎತ್ತರಕ್ಕೆ ಕನಿಷ್ಠ ಮಿತಿಯನ್ನು ಇಡಬಹುದು, ಗರಿಷ್ಠ ಮಿತಿಯನ್ನು ಇಡಬಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹರಿಯುವ ಕಂಟೇನರಿನ ಎತ್ತರವು ಅದಕ್ಕೆ ಸಿಗುವ ಅಗಲವನ್ನು ಅವಲಂಬಿಸಿರುತ್ತದೆ. ಅಗಲ ತಿಳಿಯುವವರೆಗೆ ಎಷ್ಟು ಸಾಲುಗಳಾಗುತ್ತವೆ ಎಂದು ಹೇಳಲಾಗದು. 2011ರಲ್ಲಿ ಬಂದ ಜಿಟಿಕೆ 3, ಇಷ್ಟು ಅಗಲ ಕೊಟ್ಟರೆ ನಿನಗೆ ಎಷ್ಟು ಎತ್ತರ ಬೇಕು ಎಂದು ವಿಜೆಟನ್ನು ಕೇಳುವ ವಿಧಾನವನ್ನು ಅಳವಡಿಸಿಕೊಂಡಿತು, ಫ್ಲೋಬಾಕ್ಸ್ ನಿಂತಿರುವುದು ಅದರ ಮೇಲೆಯೇ. ಜಾವಾದ ಫ್ಲೋಲೇಔಟ್‌ನಲ್ಲಿ ಈ ಪ್ರಶ್ನೋತ್ತರವಿಲ್ಲ. ತನಗೆ ಬೇಕಾದ ಗಾತ್ರವನ್ನು ಹೇಳುವಾಗ ಅದು ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂರುತ್ತವೆ ಎಂದು ಲೆಕ್ಕ ಹಾಕುತ್ತದೆ. ಅದನ್ನು ನಾಲ್ಕು ಅಂಚು ಮತ್ತು ನಡುಭಾಗವೆಂದು ಜಾಗ ಹಂಚುವ ಬಾರ್ಡರ್‌ಲೇಔಟ್‌ನ ಮೇಲಂಚಿನಲ್ಲಿ ಇಟ್ಟು ಕಿಟಕಿಯನ್ನು ಕಿರಿದು ಮಾಡಿದರೆ ಒಂದೇ ಸಾಲಿನ ಎತ್ತರ ದೊರೆತು, ಕೆಳಗಿಳಿದ ಬಟನ್‌ಗಳು ಕಣ್ಣಿಗೇ ಬೀಳುವುದಿಲ್ಲ. ಕನ್ನಡದಲ್ಲಿ ಕೊನೆಯ ಎರಡು ಬಟನ್‌ಗಳೇ ಮಾಯವಾಗಿವೆ ಎಂಬ ದೂರಿನ ಹಿಂದೆ ಇಂತಹ ಕಾರಣ ಇರುವುದುಂಟು. ಜಿಟಿಕೆಯಲ್ಲಿಯೂ ಫ್ಲೋಬಾಕ್ಸನ್ನು ಒಂಟಿಯಾಗಿ ಇಡುವುದಕ್ಕಿಂತ ಸ್ಕ್ರೋಲ್ ಆಗುವ ಕಿಟಕಿಯೊಳಗೆ ಇಟ್ಟು, ಅಡ್ಡ ಸ್ಕ್ರೋಲನ್ನು ನಿಷೇಧಿಸಿ, ಉದ್ದ ಸ್ಕ್ರೋಲಿಗೆ ಅವಕಾಶ ಕೊಡುವುದು ಸರಿಯಾದ ಕ್ರಮ. ಮಕ್ಕಳು ಕಡಿಮೆಯಿದ್ದಾಗ ಅವು ಲಂಬವಾಗಿ ಹಿಗ್ಗಿ ವಿಕಾರವಾಗದಂತೆ ಫ್ಲೋಬಾಕ್ಸನ್ನು ಮೇಲಂಚಿಗೆ ಹೊಂದಿಸಬೇಕು. ಒಂದು ಸಾಲಿಗೆ ಗರಿಷ್ಠ ಎಷ್ಟು ಮಕ್ಕಳು ಎಂಬ ಮಿತಿ ಅದರಲ್ಲಿ ಮೊದಲಿಗೆ 7 ಇರುತ್ತದೆ. ದೊಡ್ಡ ಪರದೆಯಲ್ಲಿ ಬಲಗಡೆ ಜಾಗ ಖಾಲಿ ಉಳಿದರೆ ಆ ಮಿತಿಯನ್ನು ಏರಿಸಬೇಕು.

ನಮ್ಮ ಊರಿನ ಒಂದು ಉದಾಹರಣೆಯನ್ನು ಕೊಡುತ್ತೇನೆ. ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಮಾಣಿಗಳು ಆರ್ಡರ್ ಬರೆದುಕೊಳ್ಳಲು ಕೈಯಲ್ಲಿ ಹಿಡಿಯುವ ಫೋನನ್ನು ಬಳಸುತ್ತಾರೆ. ಅಡುಗೆಮನೆಗೆ ಆರ್ಡರ್ ಚೀಟಿ (ಕೆಒಟಿ) ಅದರಿಂದಲೇ ಹೋಗುತ್ತದೆ. ತಿಂಡಿಗಳ ಹೆಸರನ್ನು ಕನ್ನಡದಲ್ಲಿ ಹಾಕಿಸಬೇಕೆಂದು ಮಾಲೀಕರ ಆಸೆ, ಏಕೆಂದರೆ ಊರಿನಿಂದ ಹೊಸದಾಗಿ ಬಂದ ಹುಡುಗರು ಕನ್ನಡವನ್ನು ಬೇಗ ಓದುತ್ತಾರೆ. ಆ್ಯಪ್ ಬರೆದವರು ಒಂದು ಸಾಲಿಗೆ ನಾಲ್ಕು ಚೌಕಗಳೆಂದು ಗೆರೆ ಎಳೆದಂತೆ ನಿಗದಿ ಮಾಡಿದ್ದರು. ಇಡ್ಲಿ, ವಡೆ, ಪೂರಿ ಸರಿಯಾಗಿ ಕಂಡವು. ಮಸಾಲೆ ದೋಸೆ, ಮೈಸೂರು ಮಸಾಲೆ ದೋಸೆ, ಈರುಳ್ಳಿ ರವಾ ಮಸಾಲೆ ದೋಸೆ ಇವುಗಳ ಚೌಕಗಳಲ್ಲಿ ಮೊದಲ ಕೆಲವು ಅಕ್ಷರಗಳ ನಂತರ ಚುಕ್ಕಿಗಳು ಮಾತ್ರ ಉಳಿದವು. ಒಂದೇ ಪದದಿಂದ ಆರಂಭವಾಗುವ ತಿಂಡಿಗಳು ಒಂದೇ ರೀತಿ ಕಂಡು ತಪ್ಪು ಆರ್ಡರ್ ಹೋಗತೊಡಗಿತು. ಕೊನೆಗೆ ಹೆಸರುಗಳನ್ನೆಲ್ಲ ಇಂಗ್ಲಿಷಿನ ಸಂಕ್ಷಿಪ್ತ ಅಕ್ಷರಗಳಿಗೆ ಇಳಿಸಿದರು. ಅದೇ ಪರದೆಯನ್ನು ಹರಿಯುವ ಕಂಟೇನರ್‌ನಲ್ಲಿ ಬರೆದು, ಪ್ರತಿ ಬಟನ್ ತನ್ನ ಹೆಸರಿನಷ್ಟು ಅಗಲವಾಗಲು ಬಿಟ್ಟಿದ್ದರೆ, ಇಡ್ಲಿ, ವಡೆ, ಪೂರಿ, ಶೀರಾ ಒಂದು ಸಾಲಿನಲ್ಲಿ ಕುಳಿತು, ಉದ್ದ ಹೆಸರಿನ ದೋಸೆಗಳು ಸಾಲಿಗೆ ಎರಡರಂತೆಯೋ ಒಂದರಂತೆಯೋ ಪೂರ್ಣ ಹೆಸರಿನೊಡನೆ ಕಾಣುತ್ತಿದ್ದವು. ಭಾನುವಾರಕ್ಕೆ ಮಾತ್ರ ಮಾಡುವ ತಿಂಡಿಯನ್ನು ಪಟ್ಟಿಗೆ ಸೇರಿಸಿದರೂ, ಮುಗಿದುಹೋದದ್ದನ್ನು ತೆಗೆದರೂ ಉಳಿದವು ತಾವಾಗಿ ಜಾಗ ತುಂಬಿಕೊಳ್ಳುತ್ತವೆ. ಜಿಟಿಕೆಯ ಫ್ಲೋಬಾಕ್ಸ್‌ಗೆ ಶೋಧಕ ಮತ್ತು ವಿಂಗಡಣೆಯ ಫಂಕ್ಷನ್‌ಗಳನ್ನು ಕೊಡಲು ಬರುವುದರಿಂದ, ಹುಡುಕಾಟದ ಪೆಟ್ಟಿಗೆಯಲ್ಲಿ ದೋಸೆ ಎಂದು ಬರೆದ ತಕ್ಷಣ ಇತರ ಬಟನ್‌ಗಳು ಮರೆಯಾಗಿ ದೋಸೆಗಳಷ್ಟೇ ಒಟ್ಟಿಗೆ ಬಂದು ನಿಲ್ಲುವಂತೆ ಮಾಡುವುದೂ ಸುಲಭ.

ಹಾಗೆಂದು ಎಲ್ಲ ಕಡೆಯೂ ಹರಿಯುವ ಕಂಟೇನರನ್ನೇ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಅದೇ ಹೋಟೆಲಿನ ಗಲ್ಲಾದಲ್ಲಿ ಕುಳಿತವರು ಬಿಲ್ ಮಾಡುವಾಗ ಪರದೆಯನ್ನು ಓದುವುದೇ ಇಲ್ಲ. ಕಾಫಿ ಎಲ್ಲಿದೆ, ಚಹಾ ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಿರುತ್ತದೆ. ಅಲ್ಲಿ ಒಂದು ತಿಂಡಿ ಮುಗಿಯಿತೆಂದು ಅದರ ಬಟನ್ ತೆಗೆದ ಕೂಡಲೇ ಉಳಿದವೆಲ್ಲ ಒಂದೊಂದು ಸ್ಥಾನ ಮುಂದಕ್ಕೆ ಸರಿದರೆ, ಬೆಳಗಿನ ಜನಸಂದಣಿಯಲ್ಲಿ ಬಿಲ್‌ಗಳು ತಪ್ಪುತ್ತವೆ. ಸ್ಥಾನವೇ ಮುಖ್ಯವಾದ ಕಡೆ ಚೌಕಗಳು ಕದಲದ ಗ್ರಿಡ್ ಇರಲಿ, ಮುಗಿದ ತಿಂಡಿಯ ಬಟನ್ ಮಂಕಾಗಿ ಅಲ್ಲೇ ಉಳಿಯಲಿ, ಹೆಸರು ಮಾತ್ರ ಬಟನ್ನಿನೊಳಗೆ ಎರಡು ಸಾಲಾಗಿ ಮುರಿಯಲಿ. ಕ್ಯಾಲ್ಕ್ಯುಲೇಟರಿನ ಅಂಕಿಗಳು, ಪಿನ್ ಒತ್ತುವ ಪರದೆ, ಆಸನ ಕಾಯ್ದಿರಿಸುವ ನಕ್ಷೆ ಇವೂ ಇದೇ ಗುಂಪಿಗೆ ಸೇರುತ್ತವೆ.

ಹರಿಯುವ ಕಂಟೇನರ್‌ಗಳಲ್ಲಿಯೂ ಒಂದರಂತೆ ಇನ್ನೊಂದಿಲ್ಲ. ಜಿಟಿಕೆಯ ಫ್ಲೋಬಾಕ್ಸ್ ಸಾಲು ಮುರಿದರೂ ಮೇಲಿನ ಮತ್ತು ಕೆಳಗಿನ ಸಾಲಿನ ಮಕ್ಕಳನ್ನು ಕಂಬಸಾಲಿನಲ್ಲಿ ಹೊಂದಿಸುತ್ತದೆ, ಆದ್ದರಿಂದ ಒಂದು ಉದ್ದ ಹೆಸರು ಬಂದರೆ ಅದರ ಮೇಲೆ ಕೆಳಗೆ ಇರುವವುಗಳಿಗೂ ಅಷ್ಟೇ ಅಗಲ ದೊರೆಯುತ್ತದೆ. ಫೋಟೋಗಳನ್ನೋ ಒಂದೇ ಗಾತ್ರದ ಚಿತ್ರಗಳನ್ನೋ ತೋರಿಸುವಾಗ ಇದು ಅಂದವಾಗಿ ಕಾಣುತ್ತದೆ. ಚಿಕ್ಕದೂ ದೊಡ್ಡದೂ ಆದ ಕನ್ನಡ ಹೆಸರುಗಳಿಗೆ ಕಂಬಸಾಲಿನ ಹಂಗಿಲ್ಲದ ಕಂಟೇನರ್ ಹೆಚ್ಚು ಹೊಂದುತ್ತದೆ, ಫ್ಲಟರ್‌ನ ರ‍್ಯಾಪ್ ಅಂಥದ್ದು. ಲಿನಕ್ಸ್ ಗಣಕಗಳ ಪರದೆಯನ್ನು ರೂಪಿಸುವ ಗ್ನೋಮ್ ಯೋಜನೆಯ ಲಿಬ್‌ಅದ್ವೈತ ಸಂಗ್ರಹಕ್ಕೂ 2025ರಲ್ಲಿ, 1.7ನೆಯ ಆವೃತ್ತಿಯೊಡನೆ, ರ‍್ಯಾಪ್‌ಬಾಕ್ಸ್ ಎಂಬ ಅಂತಹದೇ ವಿಜೆಟ್ ಸೇರಿರುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಸಾವಿರಾರು ಸದಸ್ಯರ ಪಟ್ಟಿಯಂತಹ ದೊಡ್ಡ ಸಂಗ್ರಹಕ್ಕೆ ಮಾತ್ರ ಇವು ಯಾವುವೂ ಬೇಡ. ಫ್ಲೋಬಾಕ್ಸ್ ಪ್ರತಿಯೊಂದಕ್ಕೂ ನಿಜವಾದ ವಿಜೆಟ್ಟನ್ನು ಸೃಷ್ಟಿಸುವುದರಿಂದ ಗಣಕದ ಮೆಮೊರಿಯ ಮೇಲೆ ಹೊರೆ ಬೀಳುತ್ತದೆ. ಕಾಣುವಷ್ಟಕ್ಕೆ ಮಾತ್ರ ವಿಜೆಟ್ ಮಾಡಿ ಅವನ್ನೇ ಮರುಬಳಕೆ ಮಾಡುವ ಗ್ರಿಡ್‌ವ್ಯೂ ಜಿಟಿಕೆ 4ರಲ್ಲಿದೆ.

ವಯಸ್ಸಾದ ಓದುಗರ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಡೊಂಬಿವಲಿ, ಮೀರಾ ರೋಡ್ ಮುಂತಾದ ಕಡೆ ಮಕ್ಕಳೊಡನೆ ನೆಲೆಸಿರುವ ಹಿರಿಯರಲ್ಲಿ ಹಲವರು ಫೋನಿನ ಅಕ್ಷರಗಾತ್ರವನ್ನು ದೊಡ್ಡದು ಮಾಡಿಕೊಂಡಿರುತ್ತಾರೆ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಲು ಅವಕಾಶವಿದೆ. ಒಂದೇ ಸಾಲಿಗೆ ಕಟ್ಟಿದ ಪರದೆಯಲ್ಲಿ ಅಷ್ಟು ದೊಡ್ಡ ಕನ್ನಡ ಅಕ್ಷರ ಬಂದರೆ ಮೊದಲ ಬಟನ್ ಬಿಟ್ಟು ಉಳಿದವು ಅಂಚಿನಾಚೆಗೆ ಹೋಗುತ್ತವೆ. 2018ರಲ್ಲಿ ಪ್ರಕಟವಾದ ವೆಬ್ ಪ್ರವೇಶಸಾಧ್ಯತೆಯ ಮಾರ್ಗಸೂಚಿಯ 2.1ನೆಯ ಆವೃತ್ತಿ ಇದನ್ನು 1.4.10 ಎಂಬ ಸಂಖ್ಯೆಯ ನಿಯಮವಾಗಿಯೇ ಬರೆದಿದೆ: 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲಿ, ನಕ್ಷೆ ಅಥವಾ ಕೋಷ್ಟಕದಂತಹ ಅನಿವಾರ್ಯ ಸಂದರ್ಭಗಳನ್ನು ಬಿಟ್ಟು, ವಿಷಯವನ್ನು ಓದಲು ಅಡ್ಡಕ್ಕೂ ಉದ್ದಕ್ಕೂ ಎರಡೂ ದಿಕ್ಕಿನಲ್ಲಿ ಸರಿಸಬೇಕಾಗಿ ಬರಬಾರದು. 1280 ಪಿಕ್ಸೆಲ್ ಅಗಲದ ಕಿಟಕಿಯನ್ನು 400 ಪ್ರತಿಶತಕ್ಕೆ ಹಿಗ್ಗಿಸಿದಾಗ ಸಿಗುವ ಅಗಲವೂ ಇದೇ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಬಟನ್‌ಗಳನ್ನು ಕೋಡ್‌ನಲ್ಲಿ ಬರೆದ ಕ್ರಮದಲ್ಲಿ ಓದುವುದರಿಂದ, ಸಾಲು ಎಲ್ಲಿ ಮುರಿದರೂ ಕಾಣುವ ಕ್ರಮ ಮತ್ತು ಓದುವ ಕ್ರಮ ಒಂದೇ ಆಗಿರಬೇಕು. ಅಂದಕ್ಕಾಗಿ ಸಾಲುಗಳನ್ನು ತಲೆಕೆಳಗು ಮಾಡುವ ಅಥವಾ ಕ್ರಮಸಂಖ್ಯೆ ಕೊಟ್ಟು ಸ್ಥಾನ ಪಲ್ಲಟಿಸುವ ಸೌಲಭ್ಯ ಸಿಎಸ್‌ಎಸ್‌ನಲ್ಲಿದ್ದರೂ ಇಂತಹ ಕಡೆ ಅದನ್ನು ಬಳಸದಿರುವುದೇ ಒಳ್ಳೆಯದು.

ಪದಗಳನ್ನೇ ಚಿಕ್ಕದು ಮಾಡಿ ಎಂಬ ಸಲಹೆ ಅನುವಾದಕರ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ. ಸ್ವಯಂಸೇವಕರಾಗಿ ಕನ್ನಡಕ್ಕೆ ತರುವವರು ಒಳ್ಳೆಯ ಪದವನ್ನು ಆಲೋಚಿಸಿ ಕೊಟ್ಟ ನಂತರ, ಜಾಗ ಸಾಲದೆಂಬ ಕಾರಣಕ್ಕೆ ಅದನ್ನು ಅರ್ಥವಾಗದ ತುಣುಕಾಗಿ ಕತ್ತರಿಸುವಂತೆ ಅವರಿಗೇ ಹೇಳುವುದು ಅನ್ಯಾಯ. ಜರ್ಮನ್ ಭಾಷೆಯಲ್ಲಿಯೂ ಸಮಾಸಪದಗಳು ಬಹಳ ಉದ್ದ. ಪದದ ಉದ್ದ ಕನ್ನಡಕ್ಕೆ ಮಾತ್ರ ಇರುವ ಕೊರತೆಯೆಂದು ಭಾವಿಸುವವರು ಒಮ್ಮೆ ಅದೇ ಆ್ಯಪನ್ನು ಜರ್ಮನ್‌ಗೆ ಬದಲಾಯಿಸಿ ನೋಡಬೇಕು. ಅನುವಾದ ಸಿದ್ಧವಾಗುವುದಕ್ಕೆ ಮೊದಲೇ ಇಂಗ್ಲಿಷ್ ಹೆಸರುಗಳನ್ನು ಕೃತಕವಾಗಿ ಉದ್ದ ಮಾಡಿ ಪರದೆಯನ್ನು ಪರೀಕ್ಷಿಸುವ ಪದ್ಧತಿ ತಂತ್ರಾಂಶ ವಲಯದಲ್ಲಿ ಹಳೆಯದು. ಕನ್ನಡಕ್ಕೆ ಒತ್ತಕ್ಷರ ತುಂಬಿದ ಕೆಲವು ಪದಗಳನ್ನೂ ಸೇರಿಸಿಕೊಂಡರೆ ಅಗಲ ಎತ್ತರ ಎರಡರ ದೋಷಗಳೂ ಮೊದಲ ವಾರದಲ್ಲೇ ಕಣ್ಣಿಗೆ ಬೀಳುತ್ತವೆ.

ಖರ್ಚಿನ ಮಾತನ್ನು ಮುಂದಿಟ್ಟು ಹಿಂಜರಿಯುವವರಿಗೆ ಹೇಳುವುದಿಷ್ಟೇ: ಹೊಸದಾಗಿ ಬರೆಯುತ್ತಿರುವ ಪರದೆಯಲ್ಲಿ ಇದಕ್ಕೆ ಹೆಚ್ಚುವರಿ ಶ್ರಮವೆಂಬುದೇ ಇಲ್ಲ. ಫ್ಲಟರ್‌ನಲ್ಲಿ ಅಡ್ಡಸಾಲಿಗೆ ರೋ ಎಂದು ಬರೆಯುವ ಕಡೆ ರ‍್ಯಾಪ್ ಎಂದು ಬರೆದು, ಬಟನ್‌ಗಳ ನಡುವಿನ ಅಂತರವನ್ನೂ ಸಾಲುಗಳ ನಡುವಿನ ಅಂತರವನ್ನೂ ಸೂಚಿಸಿದರೆ ಸಾಕು. ಎರಡೂ ಮೊದಲಿಗೆ ಸೊನ್ನೆ ಇರುತ್ತವೆ ಎಂಬುದನ್ನು ಮರೆತರೆ ಬಟನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಭಿವೃದ್ಧಿಯ ಹಂತದಲ್ಲಿ ರೋ ತನ್ನ ಜಾಗವನ್ನು ಮೀರಿದಾಗ ಫ್ಲಟರ್ ಅಂಚಿನಲ್ಲಿ ಹಳದಿ ಕಪ್ಪು ಪಟ್ಟೆಗಳನ್ನು ತೋರಿಸಿ ಎಚ್ಚರಿಸುತ್ತದೆ, ಆದರೆ ಆ ಎಚ್ಚರಿಕೆ ಕಾಣಬೇಕಾದರೆ ಬರೆಯುವವರು ಒಮ್ಮೆಯಾದರೂ ಕನ್ನಡದಲ್ಲಿ ಆ್ಯಪನ್ನು ತೆರೆದಿರಬೇಕು. ವೆಬ್ ಪುಟದಲ್ಲಿ ಸಾಲು ಮುರಿಯಲಿ ಎಂಬ ಒಂದೇ ಸೂಚನೆ ಸಾಕು. ಹಳೆಯ ಪರದೆಗಳನ್ನು ತಿದ್ದುವುದಕ್ಕೆ ಸ್ವಲ್ಪ ಸಮಯ ಬೇಕಾಗಬಹುದು, ಏಕೆಂದರೆ ಅಲ್ಲಿ ಅಗಲ ಎತ್ತರಗಳನ್ನು ಅಂಕಿಗಳಲ್ಲಿ ಬರೆದಿಟ್ಟ ಜಾಗಗಳನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕಾಗುತ್ತದೆ.

ಮುಂಬಯಿ, ಠಾಣೆ, ಪುಣೆಗಳ ಕನ್ನಡ ಸಂಘಗಳು, ಪತಸಂಸ್ಥೆಗಳು (ಸಹಕಾರಿ ಸಾಲ ಸಂಘಗಳು), ಹೋಟೆಲ್ ಮಾಲೀಕರು ಆ್ಯಪ್ ಮಾಡಿಸಲು ಹಣ ಕೊಡುವವರು. ಆದ್ದರಿಂದ ಕೇಳುವ ಹಕ್ಕೂ ಅವರಿಗಿದೆ. ಕೆಲಸ ಒಪ್ಪಿಸುವ ಪತ್ರದಲ್ಲಿ ಈ ಕೆಳಗಿನ ಷರತ್ತನ್ನು ಸೇರಿಸಿ, ಕೊನೆಯ ಕಂತಿನ ಹಣ ಕೊಡುವ ಮುನ್ನ ಸದಸ್ಯರೊಬ್ಬರ ಸಾಧಾರಣ ಫೋನಿನಲ್ಲಿ ಅದನ್ನು ಪರೀಕ್ಷಿಸಿ ನೋಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ‘ಕನ್ನಡ, ಮರಾಠಿ, ಇಂಗ್ಲಿಷ್ ಮೂರು ಭಾಷೆಗಳಲ್ಲಿಯೂ, ಫೋನಿನ ಅಕ್ಷರಗಾತ್ರವನ್ನು ಗರಿಷ್ಠಕ್ಕೆ ಏರಿಸಿದಾಗಲೂ, ಫೋನನ್ನು ಉದ್ದವಾಗಿ ಹಿಡಿದಾಗಲೂ ಅಡ್ಡವಾಗಿ ಹಿಡಿದಾಗಲೂ, ಯಾವ ಬಟನ್ನಿನ ಹೆಸರೂ ತುಂಡಾಗಬಾರದು, ಯಾವ ಒತ್ತಕ್ಷರವೂ ಕತ್ತರಿಸಿಹೋಗಬಾರದು, ಯಾವ ಬಟನ್ನನ್ನು ಮುಟ್ಟುವುದಕ್ಕೂ ಪರದೆಯನ್ನು ಅಡ್ಡ ಸರಿಸಬೇಕಾಗಿ ಬರಬಾರದು.’

ಇಂತಿ,
ತಮ್ಮ ವಿಶ್ವಾಸಿ,
ತಂತ್ರಾಂಶ ಅಭಿವೃದ್ಧಿಯ ವೃತ್ತಿಯಲ್ಲಿರುವ ಓದುಗ,
ಡೊಂಬಿವಲಿ ಪೂರ್ವ